ಸೊಂಟದ ಪಿಸ್ತೂಲಿಗೆ ಹೊಸ ಟ್ರಿಗರ್ ಬೇಕಾ?

(ಅಮೆರಿಕದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವ ಕನ್ನಡಿಗರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಿಸ್ತೂಲು ಕೊಂಡು ಇನ್ನೂ ಒಂದು ಡಬ್ಬಿ ಗುಂಡು ಖಾಲಿ ಆಗಿರುವುದಿಲ್ಲ, ಆಗಲೇ ಪ್ರಶ್ನೆ ಬರುತ್ತದೆ: "ಸರ್, ಇದಕ್ಕೆ ಯಾವ ಟ್ರಿಗರ್ ಹಾಕಿಸಲಿ?" ಯಾಕೆ ಬದಲಿಸಬೇಕು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ತುಂಬಾ ಗಟ್ಟಿ ಇದೆ ಸರ್, ಹಗುರ ಆಗಬೇಕು." ಇವತ್ತು ನನ್ನ ತಕರಾರು ಈ ಉತ್ತರದ ಜೊತೆ. ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವ ಪಿಸ್ತೂಲಿಗೆ ಬೇಕಾದ್ದು ನಯವಾದ ಟ್ರಿಗರ್. ನಯ ಅಂದರೂ ಹಗುರ ಅಂದರೂ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ದುಡ್ಡು ಹಾಳಾಗುವುದೂ ಅಲ್ಲೇ, ಅಪಾಯ ಶುರುವಾಗುವುದೂ ಅಲ್ಲೇ.

ಸ್ಪರ್ಧೆಗೆ ಹೋಗುವವರ ವಿಷಯ ಬೇರೆ, ಅದನ್ನು ಇವತ್ತು ಮುಟ್ಟುವುದಿಲ್ಲ. ಸ್ಪರ್ಧೆಯ ಪಿಸ್ತೂಲು ಪೆಟ್ಟಿಗೆಯಿಂದ ಮೈದಾನಕ್ಕೆ, ಮೈದಾನದಿಂದ ಪೆಟ್ಟಿಗೆಗೆ ಹೋಗುತ್ತದೆ. ನಿಮ್ಮದು ಕಾರಿನ ಸೀಟಿನಲ್ಲಿ ಕೂರುತ್ತದೆ, ಮೆಟ್ಟಿಲು ಹತ್ತುತ್ತದೆ, ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ನಿಮ್ಮ ಜೊತೆ ಬಗ್ಗುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಬ್ರೂಯೆನ್ ತೀರ್ಪು ಕೊಟ್ಟ ಮೇಲೆ ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಕಡೆಯೂ ಸಾಮಾನ್ಯ ಜನರಿಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ಪರ್ಮಿಟ್ ಸಿಗತೊಡಗಿದೆ. ಹಾಗಾಗಿ ಹೊಸದಾಗಿ ಇಟ್ಟುಕೊಳ್ಳುವವರು ಜಾಸ್ತಿ ಆಗಿದ್ದಾರೆ. ಈ ಮಾತು ಮುಖ್ಯವಾಗಿ ಅವರಿಗೆ.

ಮೊದಲು ಟ್ರಿಗರ್ ಅಂದರೆ ಏನೇನು ಅಂತ ನೋಡೋಣ. ಮನೆಗೆ ಹೋದ ಮೇಲೆ ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರುವ ಗೂಡು) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಗುಂಡು ದಾಟದ ಗೋಡೆಯ ಕಡೆ ತಿರುಗಿಸಿ ನಿಧಾನವಾಗಿ ಒತ್ತಿ ನೋಡಿ. ಮೊದಲು ಒಂದಷ್ಟು ದೂರ ಅದು ಸಲೀಸಾಗಿ ಹಿಂದೆ ಬರುತ್ತದೆ. ಇದು ಟೇಕಪ್. ಆಮೇಲೆ ಒಂದು ಕಡೆ ಬೆರಳಿಗೆ ತಡೆ ಸಿಗುತ್ತದೆ. ಇದನ್ನು ವಾಲ್ ಅಂತಾರೆ. ಇನ್ನೂ ಒತ್ತಿದರೆ ಒಳಗೆ ಹಿಡಿದಿಟ್ಟಿದ್ದ ಸ್ಟ್ರೈಕರ್, ಅಂದರೆ ಗುಂಡಿನ ಹಿಂಭಾಗಕ್ಕೆ ಬಡಿಯುವ ಕಡ್ಡಿ, ಬಿಟ್ಟುಕೊಂಡು ಟಪ್ ಅನ್ನುತ್ತದೆ. ಅದು ಬ್ರೇಕ್. ಬ್ರೇಕ್ ಆದ ಮೇಲೂ ಟ್ರಿಗರ್ ಸ್ವಲ್ಪ ಹಿಂದೆ ಹೋಗುತ್ತದೆ, ಅದು ಓವರ್‌ಟ್ರಾವೆಲ್. ಈಗ ಬೆರಳು ಹಾಗೇ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದು ಬಿಡಿ. ಬೆರಳನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರೆ ಒಂದು ಕಡೆ ಕ್ಲಿಕ್ ಅನ್ನುತ್ತದೆ. ಅದು ರೀಸೆಟ್, ಅಲ್ಲಿಂದ ಮುಂದಿನ ಗುಂಡಿಗೆ ತಯಾರು.

ಅಂದರೆ ಟ್ರಿಗರ್‌ಗೆ ಐದು ಗುಣಗಳಿವೆ. ನಾವು ಕೇಳುವುದು ಮಾತ್ರ ಒಂದೇ ಒಂದು, ಎಷ್ಟು ಪೌಂಡ್ ಅಂತ. ಅಂದರೆ ಹಾರಿಸಲು ಬೆರಳು ಎಷ್ಟು ಬಲ ಹಾಕಬೇಕು ಅಂತ. ಇದನ್ನೇ ಟ್ರಿಗರ್ ತೂಕ ಅಂತಾರೆ. ಕಾರಿನ ಕ್ಲಚ್ ನೆನಪಿಸಿಕೊಳ್ಳಿ. ಪೆಡಲ್ ಎಷ್ಟು ಗಟ್ಟಿ ಅನ್ನುವುದು ನಾಲ್ಕು ದಿನದಲ್ಲಿ ಕಾಲಿಗೆ ರೂಢಿಯಾಗುತ್ತದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದು ದಿನಕ್ಕೊಂದು ಜಾಗ ಆದರೆ ಮಾತ್ರ ಗಾಡಿ ಓಡಿಸಲು ಆಗುವುದಿಲ್ಲ. ಟ್ರಿಗರ್‌ನಲ್ಲೂ ವಾಲ್ ಪ್ರತಿ ಸಲ ಅದೇ ಜಾಗದಲ್ಲಿ ಸಿಗಬೇಕು, ಬ್ರೇಕ್ ಪ್ರತಿ ಸಲ ಒಂದೇ ಥರ ಆಗಬೇಕು. ನಡುವೆ ಮರಳು ಸಿಕ್ಕಿಕೊಂಡ ಹಾಗೆ ಗರಗರ ಅನ್ನಬಾರದು. ಇಷ್ಟಿದ್ದರೆ ಐದೂವರೆ ಪೌಂಡೂ ಹಗುರವಾಗಿಯೇ ಅನಿಸುತ್ತದೆ.

ಹಾಗಾದರೆ ಟ್ರಿಗರ್ ತೂಕ ಮುಖ್ಯವೇ ಅಲ್ವಾ? ಮುಖ್ಯ. ಆದರೆ ಅದನ್ನು ಒಂಟಿಯಾಗಿ ನೋಡಬಾರದು, ಪಿಸ್ತೂಲಿನ ತೂಕದ ಪಕ್ಕ ಇಟ್ಟು ನೋಡಬೇಕು. 2018ರಲ್ಲಿ ಬಂದ ಸಿಗ್ ಪಿ365 ಸುಮಾರು 500 ಗ್ರಾಂ ತೂಗುತ್ತದೆ. ಅದರ ಟ್ರಿಗರ್ ಸುಮಾರು 6 ಪೌಂಡ್, ಅಂದರೆ 2.7 ಕಿಲೋ. ಪಿಸ್ತೂಲಿನ ತೂಕಕ್ಕಿಂತ ಐದು ಪಟ್ಟು ಬಲ ಹಾಕಿ ಒತ್ತುತ್ತಿದ್ದೀರಿ! ಹಳೇ 1911 ಪಿಸ್ತೂಲು ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ, ಟ್ರಿಗರ್ 5 ಪೌಂಡ್ ಅಂದುಕೊಂಡರೂ ಎರಡು ಪಟ್ಟಿನ ಲೆಕ್ಕ. ಚಿಕ್ಕ ರಿವಾಲ್ವರ್‌ಗೆ ಬನ್ನಿ. ಸ್ಮಿತ್ ಆಂಡ್ ವೆಸನ್ 642 ಸುಮಾರು 425 ಗ್ರಾಂ, ಟ್ರಿಗರ್ 12 ಪೌಂಡಿನ ಆಸುಪಾಸು. ಹನ್ನೆರಡು ಪಟ್ಟಿಗೂ ಮೇಲೆ. ಗುಂಡು ಅಡ್ಡಾದಿಡ್ಡಿ ಹೋಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಬೆರಳು ಒತ್ತುವ ಬಲ ಪಿಸ್ತೂಲನ್ನೇ ಪಕ್ಕಕ್ಕೆ ತಳ್ಳುತ್ತಿದೆ.

ಈ ಲೆಕ್ಕದಿಂದ ಎರಡು ದಾರಿ ಹೊರಡುತ್ತವೆ. ಬಲ ಕಡಿಮೆ ಮಾಡುವುದು ಒಂದು. ಅಷ್ಟು ಬಲಕ್ಕೂ ಅಲುಗಾಡದ ಹಾಗೆ ಹಿಡಿಯುವುದು ಇನ್ನೊಂದು. ಜನ ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ, ಯಾಕೆಂದರೆ ಅದು ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದಕ್ಕೆ ದಿನಾ ಹತ್ತು ನಿಮಿಷ ಡ್ರೈ ಫೈರ್, ಅಂದರೆ ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ, ಮಾಡಬೇಕು, ಬೇಜಾರಿನ ಕೆಲಸ.

ಟ್ರಿಗರ್ ಗಟ್ಟಿ ಇದ್ದಷ್ಟೂ ಸುರಕ್ಷಿತ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನ್ಯೂಯಾರ್ಕ್ ಪೊಲೀಸರ ಕಥೆ ನೋಡಿ. ಅಲ್ಲಿನ ಇಲಾಖೆ ತನ್ನವರ ಪಿಸ್ತೂಲುಗಳಿಗೆ ವರ್ಷಗಟ್ಟಲೆ 12 ಪೌಂಡಿನ ಟ್ರಿಗರ್ ಹಾಕಿಸಿತ್ತು. ಗ್ಲಾಕ್‌ನ ಆ ಗಟ್ಟಿ ಸ್ಪ್ರಿಂಗಿಗೆ ನ್ಯೂಯಾರ್ಕ್ ಟ್ರಿಗರ್ ಅಂತಲೇ ಹೆಸರು ಬಿತ್ತು. ಬೇಡದ ಗುಂಡು ಹಾರಬಾರದು ಅನ್ನುವುದು ಉದ್ದೇಶ. 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮುಂದೆ ಇಬ್ಬರು ಪೊಲೀಸರು ಒಬ್ಬ ಬಂದೂಕುಧಾರಿಯ ಮೇಲೆ 16 ಗುಂಡು ಹಾರಿಸಿದರು. ದಾರಿಹೋಕರು 9 ಜನ ಗಾಯಗೊಂಡರು. ಎಲ್ಲರಿಗೂ ತಗುಲಿದ್ದು ಪೊಲೀಸರ ಗುಂಡು ಅಥವಾ ಅದರ ಚೂರು. ಅದಕ್ಕೆ ಟ್ರಿಗರ್ ಒಂದೇ ಕಾರಣ ಅಂತ ಹೇಳಲಾಗುವುದಿಲ್ಲ. ಜನಜಂಗುಳಿ, ಭಯ, ಅವಸರ ಎಲ್ಲ ಸೇರಿರುತ್ತದೆ. ಆದರೂ ಆ 12 ಪೌಂಡಿನ ಚರ್ಚೆ ಆಗ ಜೋರಾಗಿ ಎದ್ದಿತು. 2021ರಲ್ಲಿ ಇಲಾಖೆ ಹೊಸದಾಗಿ ಸೇರುವವರಿಗೆ ಹಗುರ ಟ್ರಿಗರ್ ಕೊಡುವ ದಾರಿ ಹಿಡಿಯಿತು. ಗಟ್ಟಿ ಟ್ರಿಗರ್ ಇದ್ದರೆ ಹಾರಬಾರದ ಗುಂಡು ಹಾರದೇ ಇರಬಹುದು. ಆದರೆ ಹಾರಿದ ಗುಂಡು ಹೋಗಬೇಕಾದ ಕಡೆ ಹೋಗುವುದು ಕಷ್ಟ.

ಈಗ ಇನ್ನೊಂದು ತುದಿ. ಮೂರು ಪೌಂಡು, ಮೂರೂವರೆ ಪೌಂಡು ಮಾಡಿಸಿಕೊಂಡು ಬರುತ್ತಾರೆ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಗುರಿ ಚೆನ್ನಾಗಿ ಕೂರುತ್ತದೆ, ಸುಳ್ಳಲ್ಲ. ಆದರೆ ರೇಂಜ್‌ನಲ್ಲಿ ನಿಮ್ಮ ಎದೆ ಡವಡವ ಅನ್ನುತ್ತಿರುವುದಿಲ್ಲ. ಕೊಲರಾಡೋ ವಿಶ್ವವಿದ್ಯಾಲಯದ ರೋಜರ್ ಎನೋಕಾ ಸ್ನಾಯುಗಳ ಚಲನೆ ಬಗ್ಗೆ ಕೆಲಸ ಮಾಡಿದವರು. ಬೇಡದೇ ಗುಂಡು ಹಾರುವುದು ಹೇಗೆ ಅಂತ 2003ರಲ್ಲಿ ಬರೆದ ಲೇಖನದಲ್ಲಿ ಮೂರು ಸಂದರ್ಭ ಹೇಳಿದರು. ಒಂದು ಕೈಯಲ್ಲಿ ಏನನ್ನಾದರೂ ಜೋರಾಗಿ ಹಿಡಿದಾಗ ಇನ್ನೊಂದು ಕೈಯೂ ತಾನಾಗಿ ಬಿಗಿಯುವುದು. ಕಾಲು ಜಾರಿ ಆಯ ತಪ್ಪಿದಾಗ ಕೈ ಬಿಗಿಯುವುದು. ಬೆಚ್ಚಿಬಿದ್ದಾಗ ಬಿಗಿಯುವುದು. ಮೂರರಲ್ಲೂ ನಿಮ್ಮ ಇಷ್ಟಾನಿಷ್ಟ ಕೇಳುವವರಿಲ್ಲ. ಆಗ ಬೆರಳು ಟ್ರಿಗರ್ ಮೇಲೆ ಇದ್ದರೆ ಐದೂವರೆ ಪೌಂಡೂ ಕಾಪಾಡುವ ಭರವಸೆ ಇಲ್ಲ, ಇನ್ನು ಮೂರು ಪೌಂಡಿನ ಮಾತೇನು. ಪಿಸ್ತೂಲಿನ ಸೈಟು ಗುರಿಯ ಮೇಲೆ ಕೂರುವ ತನಕ ಬೆರಳು ಟ್ರಿಗರ್ ಹೊರಗಿರಲಿ ಅಂತ ಪಿಸ್ತೂಲು ತರಬೇತಿಯ ಹಳೇ ಗುರು ಜೆಫ್ ಕೂಪರ್ ಹೇಳಿದ ನಿಯಮ ಇರುವುದು ಇದಕ್ಕೇ. ತೂಕ ಆ ನಿಯಮದ ಬದಲಿಗೆ ಇರುವುದಲ್ಲ, ಅದು ತಪ್ಪಿದಾಗ ಇರುವ ಎರಡನೇ ಬೇಲಿ.

ಇನ್ನು ಹೋಲ್ಸ್ಟರ್, ಅಂದರೆ ಪಿಸ್ತೂಲು ಇಡುವ ಒರೆ. ನನ್ನ ಪ್ರಕಾರ ದಿನನಿತ್ಯದಲ್ಲಿ ಜಾಸ್ತಿ ಅಪಾಯ ಇರುವುದು ಪಿಸ್ತೂಲು ಹೊರಗೆ ತೆಗೆಯುವಾಗ ಅಲ್ಲ, ವಾಪಸ್ ಇಡುವಾಗ. ಶರ್ಟಿನ ತುದಿ, ಜಾಕೆಟ್ಟಿನ ದಾರದ ಗಂಟು, ಹಳೇ ಚರ್ಮದ ಹೋಲ್ಸ್ಟರ್‌ನ ಮಡಚಿದ ಬಾಯಿ, ಇವು ಟ್ರಿಗರ್ ಸುತ್ತ ಬಳೆಯ ಹಾಗಿರುವ ಟ್ರಿಗರ್ ಗಾರ್ಡ್ ಒಳಗೆ ನುಸುಳುತ್ತವೆ. ಹೊಟ್ಟೆಯ ಮುಂಭಾಗ ಇಟ್ಟುಕೊಳ್ಳುವವರಿಗೆ ಆಗ ನಳಿಗೆ ಯಾವ ಕಡೆ ನೋಡುತ್ತಿರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಟ್ರಿಗರ್ ಉದ್ದ ಓಡುವಂಥದ್ದು, ತಕ್ಕಮಟ್ಟಿಗೆ ತೂಕ ಇರುವಂಥದ್ದಾದರೆ ಕೈಗೆ ಒಂದು ತಡೆ ಗೊತ್ತಾಗುತ್ತದೆ, ನಿಲ್ಲಿಸಲು ಒಂದು ಕ್ಷಣ ಸಿಗುತ್ತದೆ. ಓಟವನ್ನೂ ಕತ್ತರಿಸಿ, ತೂಕವನ್ನೂ ಇಳಿಸಿದರೆ ಆ ಕ್ಷಣವೂ ಇಲ್ಲ.

ಒಳಗಿನ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಸ್ಟ್ರೈಕರ್ ಪಿಸ್ತೂಲು. ಅದರಲ್ಲಿ ಗ್ಲಾಕ್ ಅನ್ನೇ ತೆಗೆದುಕೊಳ್ಳೋಣ. 1982ರಲ್ಲಿ ಆಸ್ಟ್ರಿಯಾ ಸೇನೆ ಗ್ಲಾಕ್ 17 ಆರಿಸಿಕೊಂಡಾಗಿನ ವ್ಯವಸ್ಥೆ ಹೆಚ್ಚು ಕಡಿಮೆ ಇವತ್ತಿಗೂ ಅದೇ. ಟ್ರಿಗರ್ ಮುಂದಿರುವಾಗ ಸ್ಟ್ರೈಕರ್ ಪೂರ್ತಿ ಎಳೆದಿರುವುದಿಲ್ಲ, ಅರ್ಧಂಬರ್ಧ ಎಳೆದಿರುತ್ತದೆ. ಉಳಿದದ್ದನ್ನು ನಿಮ್ಮ ಬೆರಳು ಎಳೆಯುತ್ತದೆ. ಟ್ರಿಗರ್ ಓಡುವ ದೂರ ಸುಮಾರು 12.5 ಮಿಲಿಮೀಟರ್. ಅಷ್ಟು ಚಿಕ್ಕ ಓಟದಲ್ಲಿ ಮೂರು ಸುರಕ್ಷತೆಗಳು ಒಂದರ ಹಿಂದೊಂದು ಬಿಟ್ಟುಕೊಳ್ಳುತ್ತವೆ. ಟ್ರಿಗರ್ ಮಧ್ಯದಲ್ಲಿರುವ ಚಿಕ್ಕ ನಾಲಿಗೆ ಮೊದಲನೆಯದು. ಬೆರಳು ನೇರವಾಗಿ ಅದರ ಮೇಲೆ ಬೀಳದಿದ್ದರೆ ಟ್ರಿಗರ್ ಹಿಂದೆ ಬರುವುದಿಲ್ಲ. ಸ್ಲೈಡ್ ಒಳಗೆ ಸ್ಟ್ರೈಕರ್‌ಗೆ ಅಡ್ಡ ನಿಂತಿರುವ ಒಂದು ಗುಂಡಗಿನ ಕಡ್ಡಿ ಎರಡನೆಯದು. ಟ್ರಿಗರ್‌ಗೆ ಸೇರಿಕೊಂಡು ಹಿಂದಕ್ಕೆ ಚಾಚಿರುವ ಪಟ್ಟಿ, ಅಂದರೆ ಟ್ರಿಗರ್ ಬಾರ್ ಮೇಲಿನ ಒಂದು ಗುಬುಟು ಹಿಂದೆ ಬರುತ್ತಾ ಬರುತ್ತಾ ಅದನ್ನು ಮೇಲೆತ್ತುತ್ತದೆ, ಆಗ ಮಾತ್ರ ದಾರಿ ತೆರವು. ಮೂರನೆಯದು ಟ್ರಿಗರ್ ಬಾರ್‌ನ ಹಿಂತುದಿ. ಶಿಲುಬೆಯ ಆಕಾರದ ಆ ತುದಿ ಒಂದು ಕಟ್ಟೆಯ ಮೇಲೆ ಕೂತಿರುತ್ತದೆ. ಕಟ್ಟೆ ದಾಟಿ ಹಿಂದೆ ಬರುವ ತನಕ ಅದು ಕೆಳಗಿಳಿದು ಸ್ಟ್ರೈಕರ್ ಅನ್ನು ಬಿಟ್ಟುಕೊಡಲಾರದು.

ಈಗ ಮಾರುಕಟ್ಟೆಯಲ್ಲಿ ಸಿಗುವ ಕೆಲವು ಟ್ರಿಗರ್‌ಗಳ ಜಾಹೀರಾತು ನೋಡಿ. "ಟೇಕಪ್ ಇಲ್ಲವೇ ಇಲ್ಲ, ಮುಟ್ಟಿದರೆ ಸಾಕು ವಾಲ್." ಕೇಳಲು ಚೆಂದ. ಆದರೆ ಟೇಕಪ್ ಎಲ್ಲಿಗೆ ಹೋಯಿತು? ಅದೇನೂ ಮಾಯವಾಗಿಲ್ಲ. ಸ್ಕ್ರೂ ಒಂದರಿಂದ ಟ್ರಿಗರ್ ಅನ್ನು ಮೊದಲೇ ಸ್ವಲ್ಪ ಹಿಂದೆ ತಂದು ನಿಲ್ಲಿಸಿದ್ದಾರೆ ಅಷ್ಟೇ. ಅಂದರೆ ಒಳಗಿನ ಆ ಕಡ್ಡಿ ಮೊದಲೇ ಸ್ವಲ್ಪ ಎದ್ದಿದೆ. ಹಿಂತುದಿ ಕಟ್ಟೆಯ ಅಂಚಿನ ಕಡೆ ಮೊದಲೇ ಸರಿದಿದೆ. ಸ್ಕ್ರೂ ಇನ್ನೊಂದು ಸುತ್ತು ಜಾಸ್ತಿ ತಿರುಗಿಸಿದರೆ ಸುರಕ್ಷತೆ ಇದ್ದೂ ಇಲ್ಲದ ಹಾಗೆ. ನಿಮಗೆ ಬೇಡ ಅನಿಸಿದ ಆ ಸಡಿಲ ಓಟವೇ ಸುರಕ್ಷತೆ ಕೆಲಸ ಮಾಡುವ ಜಾಗ. ಸೊಂಟದ ಪಿಸ್ತೂಲಿನಲ್ಲಿ ಟೇಕಪ್ ಕತ್ತರಿಸುವ ಸ್ಕ್ರೂ ಇರುವ ಟ್ರಿಗರ್ ಅನ್ನು ನಾನು ಯಾರಿಗೂ ಹೇಳುವುದಿಲ್ಲ. ಓವರ್‌ಟ್ರಾವೆಲ್ ಸ್ಕ್ರೂ ಕೂಡ ಅಷ್ಟೇ, ಒಂಚೂರು ಸರಿದು ಮುಂದೆ ಬಂದರೆ ಟ್ರಿಗರ್ ಪೂರ್ತಿ ಹಿಂದೆ ಹೋಗದೆ ಪಿಸ್ತೂಲು ಹಾರುವುದೇ ಇಲ್ಲ.

ಟ್ರಿಗರ್ ತುಂಡಿನ ತೂಕವೇ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಒಂದು ಉದಾಹರಣೆ ಇದೆ. ನಾನು ಹೇಳುತ್ತಿರುವುದು ಒತ್ತುವ ಬಲದ ಬಗ್ಗೆ ಅಲ್ಲ, ಬೆರಳು ತಾಗುವ ಆ ಲೋಹದ ತುಂಡು ಎಷ್ಟು ಗ್ರಾಂ ಅನ್ನುವುದರ ಬಗ್ಗೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ತನ್ನ ಹೊಸ ಪಿಸ್ತೂಲಾಗಿ ಸಿಗ್ ಪಿ320 ಆರಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬೇರೆ ಸುದ್ದಿ ಬಂತು. ಸಾರ್ವಜನಿಕರಿಗೆ ಮಾರಿದ ಪಿ320 ಒಂದು ನಿರ್ದಿಷ್ಟ ಕೋನದಲ್ಲಿ, ಸ್ಲೈಡಿನ ಹಿಂಭಾಗ ನೆಲಕ್ಕೆ ಬಡಿಯುವ ಹಾಗೆ ಬಿದ್ದರೆ ಗುಂಡು ಹಾರುತ್ತದೆ ಅಂತ ಪರೀಕ್ಷೆ ಮಾಡಿದವರು ತೋರಿಸಿದರು. ಪಿಸ್ತೂಲು ನೆಲಕ್ಕೆ ಬಡಿದು ತಟ್ಟನೆ ನಿಲ್ಲುತ್ತದೆ, ಆದರೆ ಟ್ರಿಗರ್ ತನ್ನದೇ ಭಾರಕ್ಕೆ ಹಿಂದಕ್ಕೆ ಚಲಿಸುತ್ತಲೇ ಇರುತ್ತದೆ. ಯಾರೂ ಒತ್ತದೆಯೇ ಒತ್ತಿದ ಹಾಗಾಗುತ್ತದೆ. ಕಂಪನಿ ಅದೇ ತಿಂಗಳು ಉಚಿತ ಸುಧಾರಣೆ ಪ್ರಕಟಿಸಿತು. ಏನು ಬದಲಿಸಿದರು ಗೊತ್ತಾ? ಟ್ರಿಗರ್, ಸಿಯರ್ (ಸ್ಟ್ರೈಕರ್ ಅನ್ನು ಹಿಡಿದಿಡುವ ತುಂಡು), ಸ್ಟ್ರೈಕರ್ ಮೂರನ್ನೂ ಹಗುರವಾದ ತುಂಡುಗಳಾಗಿ ಮಾಡಿದರು, ಜೊತೆಗೆ ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಹಾರದಂತೆ ತಡೆಯುವ ಒಂದು ಡಿಸ್‌ಕನೆಕ್ಟರ್ ಸೇರಿಸಿದರು. ಹಳೇ ಪಿ320 ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಸುಧಾರಣೆ ಆಗಿದೆಯಾ ಅಂತ ನೋಡಿಕೊಂಡೇ ಕೊಳ್ಳಿ.

ಪ್ಲಾಸ್ಟಿಕ್ ಟ್ರಿಗರ್ ತೆಗೆದು ಹೊಳೆಯುವ ಲೋಹದ ಟ್ರಿಗರ್ ಹಾಕಿಸುವ ಮುನ್ನ ಇದನ್ನು ನೆನಪಿಡಿ. ಎಲ್ಲ ಲೋಹದ ಟ್ರಿಗರ್ ಕೆಟ್ಟದ್ದು ಅಂತಲ್ಲ. ಬಿದ್ದಾಗ ಟ್ರಿಗರ್ ಚಲಿಸದ ಹಾಗೆ ತಡೆಯುವ ಆ ಮಧ್ಯದ ನಾಲಿಗೆ ಇದೆಯಾ, ಅದು ಸಡಿಲವಿಲ್ಲದೆ ಕೆಲಸ ಮಾಡುತ್ತದೆಯಾ, ಇದನ್ನು ನೋಡಬೇಕು. ಬಣ್ಣ ಆಮೇಲೆ.

ಹಾಗಾದರೆ ಬದಲಿಸಬಹುದಾದ್ದು ಏನು? ನಾನು ಭಾಗಗಳನ್ನು ಎರಡು ಗುಂಪು ಮಾಡುತ್ತೇನೆ. ಬೆರಳು ತಾಗುವ ಭಾಗ ಒಂದು ಗುಂಪು, ಸ್ಪ್ರಿಂಗುಗಳು ಮತ್ತು ಹಿಡಿದಿಡುವ ಭಾಗಗಳು ಇನ್ನೊಂದು. ಮೊದಲ ಗುಂಪಿನಲ್ಲಿ ಒಳ್ಳೆಯದೇ ಸಿಗುತ್ತದೆ. ಚಪ್ಪಟೆ ಮುಖದ ಟ್ರಿಗರ್ ನೋಡಿರುತ್ತೀರಿ. ಅದು ಬರೀ ಫ್ಯಾಷನ್ ಅಲ್ಲ. ಟ್ರಿಗರ್ ಮೇಲ್ಗಡೆ ಒಂದು ಪಿನ್ ಸುತ್ತ ತಿರುಗುತ್ತದೆ. ಬೆರಳು ಆ ಪಿನ್ನಿನಿಂದ ದೂರ, ಕೆಳಗೆ ಕೂತಷ್ಟೂ ಅದೇ ಕೆಲಸಕ್ಕೆ ಕಡಿಮೆ ಬಲ ಸಾಕು. ಬಾಗಿದ ಟ್ರಿಗರ್ ಬೆರಳನ್ನು ಮಧ್ಯಕ್ಕೆ ಎಳೆದು ಕೂರಿಸುತ್ತದೆ, ಚಪ್ಪಟೆಯದು ಸ್ವಲ್ಪ ಕೆಳಗೆ ಕೂರಲು ಬಿಡುತ್ತದೆ. ಒಂದು ಸ್ಪ್ರಿಂಗನ್ನೂ ಮುಟ್ಟದೆ ಹಗುರ ಅನಿಸುತ್ತದೆ. ಚಿಕ್ಕ ಬೆರಳಿನವರಿಗೆ ಇದು ನಿಜಕ್ಕೂ ಉಪಯೋಗ.

ಎರಡನೇ ಗುಂಪಿನಲ್ಲಿ ಕೈ ಹಾಕುವಾಗ ಒಂದಕ್ಕೆ ಒಂದು ಕೊಂಡಿ ಇದೆ. ಸ್ಟ್ರೈಕರ್ ಸ್ಪ್ರಿಂಗ್ ಬಲ ಇಳಿಸಿದರೆ ಟ್ರಿಗರ್ ಹಗುರವಾಗುತ್ತದೆ. ಆದರೆ ಪ್ರೈಮರ್‌ಗೆ, ಅಂದರೆ ಗುಂಡಿನ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆಗೆ, ಬಡಿಯುವ ಶಕ್ತಿ ಬರುವುದೂ ಅದೇ ಸ್ಪ್ರಿಂಗಿನಿಂದ. ರೇಂಜ್‌ನ ಅಗ್ಗದ ಗುಂಡಿನಲ್ಲಿ ಎಲ್ಲ ಸರಿಯಾಗಿ ಹಾರಿ, ಪ್ರೈಮರ್ ಗಟ್ಟಿ ಇರುವ ಬೇರೆ ಗುಂಡಿನಲ್ಲಿ ಕ್ಲಿಕ್ ಅಂತ ಮಾತ್ರ ಕೇಳಿಸಬಹುದು. ಜೀವ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಆ ಕ್ಲಿಕ್‌ಗಿಂತ ಕೆಟ್ಟ ಸದ್ದಿಲ್ಲ. ಟ್ರಿಗರ್ ಅನ್ನು ಮುಂದಕ್ಕೆ ತರುವ ರಿಟರ್ನ್ ಸ್ಪ್ರಿಂಗ್ ಇರುವ ಪಿಸ್ತೂಲುಗಳಲ್ಲಿ ಅದರ ಬಲ ಕಡಿಮೆ ಮಾಡಿದರೆ, ಒಳಗೆ ಸ್ವಲ್ಪ ಮಸಿ, ಬಟ್ಟೆಯ ದೂಳು ಸೇರಿದ ದಿನ ಟ್ರಿಗರ್ ರೀಸೆಟ್ ಆಗದೆ ಉಳಿಯಬಹುದು. ಸೊಂಟದ ಪಿಸ್ತೂಲಿನಲ್ಲಿ ದೂಳು ಸೇರಿಯೇ ಸೇರುತ್ತದೆ. ಗ್ಲಾಕ್ ಕಂಪನಿಯೇ ಹಗುರ ಕನೆಕ್ಟರ್ (ಟ್ರಿಗರ್ ಬಾರ್ ಅನ್ನು ಕೆಳಗಿಳಿಸುವ ತುಂಡು) ಮಾಡುತ್ತದಲ್ಲ ಅಂತ ಕೆಲವರು ವಾದಿಸುತ್ತಾರೆ. ಹೌದು, ಮಾಡುತ್ತದೆ. ಸ್ಪರ್ಧೆಯವರಿಗೆಂದು ಬಂದ ಗ್ಲಾಕ್ 34ರಲ್ಲಿ ಅದನ್ನು ಹಾಕಿ ಕೊಟ್ಟಿತು. ಸೊಂಟಕ್ಕೆ ಅಂತ ಮಾಡಿದ ಚಿಕ್ಕ ಮಾದರಿಗಳಿಗೆ ಐದೂವರೆ ಪೌಂಡಿನದ್ದನ್ನೇ ಇಟ್ಟಿತು. ಆ ವ್ಯತ್ಯಾಸ ಸುಮ್ನೆ ಮಾಡಿದ್ದಲ್ಲ.

ಸಿಯರ್ ಮತ್ತು ಅದು ಹಿಡಿಯುವ ಅಂಚನ್ನು ಅರದಿಂದ ಉಜ್ಜುವ ಮನೆ ವೈದ್ಯ ಮಾತ್ರ ಖಂಡಿತ ಬೇಡ. ಅಲ್ಲಿ ಕೂದಲೆಳೆಯಷ್ಟು ಲೋಹ ಹೋದರೂ ಹಿಡಿತವೇ ಬದಲಾಗುತ್ತದೆ, ಮೇಲಿನ ಗಟ್ಟಿ ಪದರ ಹೋದರೆ ಬೇಗ ಸವೆಯುತ್ತದೆ. ಬೇಕಾದರೆ ಕಲಿತ ಗನ್‌ಸ್ಮಿತ್ ಮಾಡಲಿ. ನಿಜ ಹೇಳಬೇಕೆಂದರೆ ಕೆಲವು ನೂರು ಗುಂಡು ಮತ್ತು ತಿಂಗಳುಗಟ್ಟಲೆ ಡ್ರೈ ಫೈರ್ ಆ ಗರಗರವನ್ನು ತಾನಾಗಿಯೇ ಕಮ್ಮಿ ಮಾಡುತ್ತದೆ. ಹೊಸ ಪಿಸ್ತೂಲಿನ ಟ್ರಿಗರ್ ಅನ್ನು ಮೊದಲ ವಾರದಲ್ಲೇ ಅಳೆದು ತೀರ್ಪು ಕೊಡಬೇಡಿ.

ಸ್ಟ್ರೈಕರ್ ಬದಲು ಹ್ಯಾಮರ್, ಅಂದರೆ ಸುತ್ತಿಗೆ ಥರ ಬಡಿಯುವ ತುಂಡು, ಇರುವ ಪಿಸ್ತೂಲುಗಳ ಬಗ್ಗೆ ಎರಡೇ ಮಾತು. ಬೆರೆಟ್ಟಾ 92ರ ಮೊದಲ ಒತ್ತು ಉದ್ದ ಮತ್ತು ಭಾರ. ಅದಕ್ಕೆ ಹಳೆಯ ಮದ್ದು ಒಂದಿದೆ. ಅದೇ ಕಂಪನಿಯ ಡಬಲ್ ಆಕ್ಷನ್ ಮಾತ್ರ ಇರುವ, ಅಂದರೆ ಪ್ರತಿ ಸಲ ಬೆರಳೇ ಹ್ಯಾಮರ್ ಎಳೆದು ಬಿಡುವ 92ಡಿ ಮಾದರಿಯ ಹ್ಯಾಮರ್ ಸ್ಪ್ರಿಂಗ್, ಎಲ್ಲರೂ ಡಿ ಸ್ಪ್ರಿಂಗ್ ಅನ್ನುತ್ತಾರೆ. ಕಂಪನಿಯದ್ದೇ ಭಾಗ, ಒತ್ತು ಇಳಿಯುತ್ತದೆ, ನಂಬಬಹುದು. ಇಂಥದ್ದನ್ನು ನಾನು ಸಂತೋಷವಾಗಿ ಶಿಫಾರಸು ಮಾಡುತ್ತೇನೆ. ಚಿಕ್ಕ ರಿವಾಲ್ವರ್‌ಗೆ ಸ್ಪ್ರಿಂಗ್ ಕಿಟ್ ಹಾಕುವವರು ಮಾತ್ರ ಹುಷಾರು, ಪ್ರೈಮರ್‌ಗೆ ಪೆಟ್ಟು ಸಾಲದೆ ಹೋಗುವ ದೂರು ಅಲ್ಲೂ ಇದೆ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಕಂಪನಿಗಳೇ ಟ್ರಿಗರ್ ಸುಧಾರಿಸುತ್ತಾ ಬಂದಿವೆ. 2005ರಲ್ಲಿ ಬಂದ ಸ್ಮಿತ್ ಆಂಡ್ ವೆಸನ್ ಎಂ ಆಂಡ್ ಪಿ ಪಿಸ್ತೂಲಿನ ಟ್ರಿಗರ್ ಬಗ್ಗೆ ದೂರು ಎಷ್ಟಿತ್ತೆಂದರೆ ಅಪೆಕ್ಸ್ ಥರದ ಕಂಪನಿಗಳು ಅದಕ್ಕೆ ಕಿಟ್ ಮಾಡಿಯೇ ಹೆಸರು ಮಾಡಿದವು. 2017ರ 2.0 ಮಾದರಿಯಲ್ಲಿ ಕಂಪನಿಯೇ ಅದನ್ನು ಸರಿ ಮಾಡಿತು. ಅದೇ ಕಂಪನಿಯ ಚಿಕ್ಕ ಪಿಸ್ತೂಲುಗಳಾದ 2012ರ ಶೀಲ್ಡ್‌ಗೂ 2021ರ ಶೀಲ್ಡ್ ಪ್ಲಸ್‌ಗೂ ಟ್ರಿಗರ್‌ನಲ್ಲಿ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಹಾಗಾಗಿ ಹತ್ತು ವರ್ಷ ಹಿಂದಿನವರ ಸಲಹೆ ಕೇಳಿ ಹೊಸ ಪಿಸ್ತೂಲಿಗೆ ಕಿಟ್ ತರಿಸಬೇಡಿ. ಆ ಕಾಯಿಲೆ ಆ ಪಿಸ್ತೂಲಿನದ್ದು.

ಕೋರ್ಟಿನ ವಿಷಯ ಬಿಡುವ ಹಾಗಿಲ್ಲ. ಮಸಾದ್ ಅಯೂಬ್ ಅವರ ಹೆಸರು ನಿಮಗೆ ಗೊತ್ತಿರಬಹುದು, ಆತ್ಮರಕ್ಷಣೆ ಪ್ರಕರಣಗಳಲ್ಲಿ ಪರಿಣತ ಸಾಕ್ಷಿಯಾಗಿ ಕೆಲಸ ಮಾಡಿದವರು. ಸೊಂಟದ ಪಿಸ್ತೂಲಿನ ಟ್ರಿಗರ್ ಕಂಪನಿ ಹೇಳಿದ್ದಕ್ಕಿಂತ ಹಗುರ ಮಾಡಬೇಡಿ ಅಂತ ಅವರು ದಶಕಗಳಿಂದ ಹೇಳುತ್ತಿದ್ದಾರೆ. ಅದರ ಹಿಂದಿನ ತರ್ಕ ಹೀಗಿದೆ. ಆತ್ಮರಕ್ಷಣೆ ಅಂದರೆ "ನಾನು ಬೇಕೆಂದೇ ಹಾರಿಸಿದೆ, ಬೇರೆ ದಾರಿ ಇರಲಿಲ್ಲ" ಅಂತ ಹೇಳುವುದು. ಎದುರು ವಕೀಲರಿಗೆ ನೀವು ಕೊಲೆಗಾರ ಅಂತ ತೋರಿಸುವುದು ಕಷ್ಟ. ಅದರ ಬದಲು "ಬೇಕೆಂದು ಹಾರಿಸಿದ್ದಲ್ಲ, ಮುಟ್ಟಿದರೆ ಹಾರುವ ಟ್ರಿಗರ್, ಅಜಾಗರೂಕತೆಯಿಂದ ಹಾರಿತು" ಅಂದರೆ ಆತ್ಮರಕ್ಷಣೆಯ ನೆಲವೇ ಕುಸಿಯುತ್ತದೆ, ನಿರ್ಲಕ್ಷ್ಯದ ಸಾವು ಅನ್ನುವ ಆರೋಪಕ್ಕೆ ದಾರಿಯಾಗುತ್ತದೆ. ಇದು ಅತಿಯಾದ ಭಯ, ಗುಂಡು ಹಾರಿಸಿದ್ದು ಸರಿಯಾಗಿದ್ದರೆ ಟ್ರಿಗರ್ ಯಾರೂ ಕೇಳುವುದಿಲ್ಲ ಅನ್ನುವವರೂ ಇದ್ದಾರೆ. ನನಗೆ ಅನಿಸುವುದು ಇಷ್ಟು: ಒಂದು ಪೌಂಡಿನ ಸುಖಕ್ಕೆ ವಕೀಲರಿಗೆ ಒಂದು ಹೊಸ ಪ್ರಶ್ನೆ ಕೊಡುವುದು ಲಾಭದ ವ್ಯಾಪಾರ ಅಲ್ಲ.

ಇಷ್ಟೆಲ್ಲ ಕೇಳಿಯೂ ಬದಲಿಸುತ್ತೇನೆ ಅನ್ನುವವರು ಒಂದು ಕ್ರಮ ಇಟ್ಟುಕೊಳ್ಳಿ. ಬದಲಿಸುವ ಮೊದಲೇ ಟ್ರಿಗರ್ ಗೇಜ್‌ನಲ್ಲಿ ಅಳೆಯಿರಿ, ಗೇಜ್ ಕೊಕ್ಕೆ ಪ್ರತಿ ಸಲ ಟ್ರಿಗರ್‌ನ ಅದೇ ಜಾಗದಲ್ಲಿರಲಿ. ತುದಿಗೆ ಜಾರಿದರೆ ತೂಕ ಕಡಿಮೆ ತೋರಿಸುತ್ತದೆ. ಹಲವು ಸಲ ಅಳೆದು ಸರಾಸರಿ ತೆಗೆಯಿರಿ. ಸರಾಸರಿಗಿಂತ ಮುಖ್ಯ, ಅಳತೆಗಳು ಎಷ್ಟು ಅಕ್ಕಪಕ್ಕ ಇವೆ ಅನ್ನುವುದು. ಬದಲಿಸಿದ ಮೇಲೆ ಅಂಥ ಪಿಸ್ತೂಲುಗಳ ಕೆಲಸ ಬಲ್ಲ ಗನ್‌ಸ್ಮಿತ್ ಒಬ್ಬರು ಸುರಕ್ಷತೆಗಳು ಎಲ್ಲವೂ ನಡೆಯುತ್ತಿವೆಯಾ ಅಂತ ನೋಡಲಿ. ಆಮೇಲೆ ನೀವು ನಿಜವಾಗಿ ತುಂಬಿಕೊಳ್ಳುವ ಗುಂಡಿನಲ್ಲೇ ರೇಂಜ್‌ನಲ್ಲಿ ಹಾರಿಸಿ ನೋಡಿ. ಅದು ದುಬಾರಿ ಅಂತ ಅಗ್ಗದ ಗುಂಡಿನಲ್ಲಿ ಮುಗಿಸಿದರೆ ಪರೀಕ್ಷೆ ಮಾಡಿದ ಹಾಗಲ್ಲ. ತೆಗೆದ ಹಳೇ ಭಾಗಗಳನ್ನು ಒಂದು ಪೊಟ್ಟಣ ಕಟ್ಟಿ ಇಡಿ. ವಾರಂಟಿ ಬಗ್ಗೆಯೂ ಓದಿಕೊಳ್ಳಿ, ಒಳಗಿನ ಭಾಗ ಬದಲಿಸಿದರೆ ವಾರಂಟಿ ಇಲ್ಲ ಅನ್ನುವ ಕಂಪನಿಗಳೇ ಜಾಸ್ತಿ.

ಸಭೆಯಲ್ಲಿ ಬಂದ ಪ್ರಶ್ನೆಗಳು:

"ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬದಲಾಗುತ್ತಾ ಸರ್?"

ಬದಲಾಗುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಚಿಕ್ಕ ಮಕ್ಕಳ ಕೈಗೆ ಹಾರದಿರಲಿ ಅನ್ನುವ ನಿಯಮ ಇದೆ, ಅದನ್ನು ಪಾಲಿಸುವ ಒಂದು ದಾರಿ 10 ಪೌಂಡಿನ ಟ್ರಿಗರ್. ಹಾಗಾಗಿ ಅಲ್ಲಿ ಅಂಗಡಿಯಲ್ಲಿ ಸಿಗುವ ಕೆಲವು ಮಾದರಿಗಳು ಬೇರೆ ಕಡೆಯವುಗಳಿಗಿಂತ ಭಾರ. ನಿಮ್ಮ ರಾಜ್ಯದ್ದು ಏನು ಅಂತ ನೀವೇ ನೋಡಿಕೊಳ್ಳಿ, ಅಥವಾ ವಕೀಲರನ್ನು ಕೇಳಿ. ಒಂದು ಮಾತ್ರ ಇಡೀ ದೇಶಕ್ಕೆ ಒಂದೇ. ಒಮ್ಮೆ ಒತ್ತಿದರೆ ಗುಂಡಿನ ಮೇಲೆ ಗುಂಡು ಹಾರುವಂತೆ ಮಾಡುವ ಸ್ವಿಚ್ ಥರದ ಸಾಮಾನು ಫೆಡರಲ್ ಕಾನೂನಿನಲ್ಲಿ ಮಷಿನ್ ಗನ್ ಲೆಕ್ಕ, ಜೈಲಿನ ವಿಷಯ. ಅದರ ಹತ್ತಿರವೂ ಸುಳಿಯಬೇಡಿ.

"ಟ್ರಿಗರ್‌ಗೆ ಇಟ್ಟ ದುಡ್ಡು ಬೇರೆ ಎಲ್ಲಿ ಹಾಕಲಿ?"

ಮೊದಲು ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್, ಬಾಯಿ ಮಡಚಿಕೊಳ್ಳಬಾರದು. ಉಳಿದದ್ದು ಗುಂಡಿಗೆ ಮತ್ತು ಒಂದು ಒಳ್ಳೆಯ ಕ್ಲಾಸಿಗೆ.

"ನಮ್ಮ ಅಮ್ಮನಿಗೆ ಸಂಧಿವಾತ. ಆರು ಪೌಂಡು ಒತ್ತುವುದು ಅವರಿಂದ ಆಗುವುದಿಲ್ಲ. ಅವರಿಗಾದರೂ ಹಗುರ ಮಾಡಿಸಬಹುದಾ?"

ಇದು ಒಳ್ಳೆಯ ಪ್ರಶ್ನೆ ಅಕ್ಕಾ. ಇಲ್ಲಿ ನನ್ನ ನಿಯಮಕ್ಕೆ ವಿನಾಯಿತಿ ಇದೆ. ಆದರೆ ವಿನಾಯಿತಿ ಟ್ರಿಗರ್ ಕಿಟ್‌ನಲ್ಲಿ ಇಲ್ಲ, ಪಿಸ್ತೂಲಿನ ಆಯ್ಕೆಯಲ್ಲಿದೆ. ಗಟ್ಟಿ ಟ್ರಿಗರ್ ಅನ್ನೇ ಸುರಕ್ಷತೆಯ ಒಂದು ಭಾಗ ಅಂತ ಎಣಿಸಿ ಮಾಡಿದ ಪಿಸ್ತೂಲನ್ನು ಹಗುರ ಮಾಡಬೇಡಿ. ಮೊದಲಿಂದಲೇ ಹಗುರ ಟ್ರಿಗರ್ ಇಟ್ಟುಕೊಂಡು, ಅದಕ್ಕೆ ತಕ್ಕ ಬೇರೆ ಸುರಕ್ಷತೆ ಕೊಟ್ಟು ಮಾಡಿದ ಪಿಸ್ತೂಲು ಹುಡುಕಿ. ಸ್ಮಿತ್ ಆಂಡ್ ವೆಸನ್ ಶೀಲ್ಡ್ ಈಝೀ ಒಂದು ಉದಾಹರಣೆ. .380 ಗುಂಡಿನದ್ದು 2018ರಲ್ಲಿ, 9 ಎಂಎಂನದ್ದು 2020ರಲ್ಲಿ ಬಂತು. ಒಳಗೆ ಹ್ಯಾಮರ್ ಇದೆ, ಟ್ರಿಗರ್ ಸಲೀಸು, ಹಿಡಿಯ ಹಿಂದೆ ಅಂಗೈ ಒತ್ತಿದರಷ್ಟೇ ಹಾರಲು ಬಿಡುವ ಗ್ರಿಪ್ ಸೇಫ್ಟಿ ಇದೆ, ಸ್ಲೈಡ್ ಎಳೆಯುವುದೂ ಸುಲಭ. ಸಂಧಿವಾತ ಇದ್ದವರಿಗೆ ಟ್ರಿಗರ್‌ಗಿಂತ ಮೊದಲು ಸೋಲುವುದು ಸ್ಲೈಡ್ ಎಳೆಯುವಲ್ಲಿ. ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರೇ ಸ್ಲೈಡ್ ಎಳೆಯಲಿ, ಗ್ರಿಪ್ ಸೇಫ್ಟಿ ಅವರ ಹಿಡಿತಕ್ಕೆ ಪ್ರತಿ ಸಲ ಪೂರ್ತಿ ಒತ್ತುತ್ತದೆಯಾ ಅಂತ ನೋಡಲಿ. ನೀವು ಎಳೆದು "ಸುಲಭ ಇದೆ ಅಮ್ಮಾ" ಅಂದರೆ ಪ್ರಯೋಜನ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಇನ್ನೊಂದು ವಿಷಯ. 9 ಎಂಎಂ ಮಾದರಿಯಲ್ಲಿ 2020ರ ಮಾರ್ಚ್‌ನಿಂದ ಅಕ್ಟೋಬರ್ ನಡುವೆ ತಯಾರಾದವುಗಳ ಹ್ಯಾಮರ್ ಬದಲಿಸಲು ಕಂಪನಿ ಅದೇ ವರ್ಷ ವಾಪಸ್ ಕರೆಸಿತ್ತು. ಸೀರಿಯಲ್ ನಂಬರ್ ಕೊಟ್ಟು ಕಂಪನಿಯನ್ನೇ ಕೇಳಿ, ಹ್ಯಾಮರ್ ಬದಲಾಗಿದೆ ಅಂತ ಖಾತ್ರಿ ಆದ ಮೇಲೆ ದುಡ್ಡು ಕೊಡಿ.